ತೊಟ್ಟಿಲಿನ ಬಳಿಗೂ ದಾಸೋಹ ಬರಲಿ

ಲಿಂಗಾಯತ ಧರ್ಮದಲ್ಲಿ ಮಗುವು ಭೂಮಿಗೆ ಬೀಳುವ ಮೊದಲೇ ಸಮಾಜಕ್ಕೆ ಸೇರಿದ್ದಾಗಿರುತ್ತದೆ. ಗರ್ಭಕ್ಕೆ ಎಂಟು ತಿಂಗಳು ತುಂಬುವ ಹೊತ್ತಿಗೆ ಗುರುವನ್ನು ಬರಮಾಡಿಕೊಂಡು, ತಾಯಿಯ ಮೂಲಕವೇ ಗರ್ಭಸ್ಥ ಶಿಶುವಿಗೆ ಲಿಂಗಸಂಸ್ಕಾರ ಮಾಡಿಸುವ ಪದ್ಧತಿ ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಹೆಸರಿಡುವ ಮೊದಲೇ, ಗಂಡೋ ಹೆಣ್ಣೋ ಎಂದು ತಿಳಿಯುವ ಮೊದಲೇ, ಆ ಜೀವವು ಭಕ್ತಕುಲದ ಒಂದು ಜೀವವೆಂದು ಗುರುವು ಒಪ್ಪಿಕೊಳ್ಳುತ್ತಾನೆ. ಇಂಥ ಸಂಸ್ಕಾರವನ್ನು ಕೊಟ್ಟ ಹಿರಿಯರು ಅದರೊಂದಿಗೆ ಒಂದು ಹೊಣೆಯನ್ನೂ ನಮ್ಮ ಮೇಲೆ ಹೊರಿಸಿದ್ದಾರೆ. ಗರ್ಭದಲ್ಲಿರುವ ಮಗುವನ್ನು ನಮ್ಮದೆಂದು ಒಪ್ಪಿಕೊಂಡ ಮೇಲೆ, ಆ ಮಗುವನ್ನು ಹೊತ್ತ ತಾಯಿಯ ಗಂಗಾಳದಲ್ಲಿ ಏನಿದೆ, ಅವಳ ಮನಸ್ಸಿನಲ್ಲಿ ಏನಿದೆ ಎಂದು ವಿಚಾರಿಸುವುದೂ ನಮ್ಮದೇ ಕರ್ತವ್ಯವಾಗುತ್ತದೆ.

ಇನ್ನೊಂದು ಮಾತು. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಹನ್ನೆರಡನೆಯ ಶತಮಾನದಲ್ಲಿ ಹೆತ್ತ ತಾಯಿಯನ್ನು ಮೈಲಿಗೆಯೆಂದು ದೂರ ಕೂಡಿಸುತ್ತಿದ್ದ ಲೋಕದ ನಡುವೆ ನಿಂತು, ಲಿಂಗಧಾರಿಗೆ ಹುಟ್ಟಿನ ಸೂತಕವಿಲ್ಲವೆಂದು ಸಾರಿದ್ದು ಸಾಮಾನ್ಯ ಸಂಗತಿಯಲ್ಲ. ಅದರ ನೇರ ಅರ್ಥವೆಂದರೆ, ಬಾಣಂತಿಯ ಕೋಣೆಗೆ ಯಾರು ಬೇಕಾದರೂ ಹೋಗಬಹುದು. ಅವಳನ್ನು ಮುಟ್ಟಿ ಮಾತನಾಡಿಸಬಹುದು. ಅವಳ ಕೂಸನ್ನು ಎತ್ತಿಕೊಳ್ಳಬಹುದು. ಸೂತಕದ ಬಾಗಿಲನ್ನು ಶರಣರು ಒಡೆದರು. ಆದರೆ ಒಡೆದ ಬಾಗಿಲಿನಿಂದ ಒಳಗೆ ಹೋಗಿ ಕೈಹಿಡಿಯುವ ಕೆಲಸವನ್ನು ನಾವು ಪೂರ್ತಿಯಾಗಿ ಮಾಡುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಮನೆತನಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೂರು ಊರು, ಒಂದೇ ಚಿಂತೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿಯು ಸ್ವತಂತ್ರ ಜಿಲ್ಲೆಯಾಯಿತು. ಹೊರಗಿನವರಿಗೆ ಹಾವೇರಿಯೆಂದರೆ ಏಲಕ್ಕಿ ಹಾರ, ಬ್ಯಾಡಗಿಯೆಂದರೆ ಕೆಂಪು ಮೆಣಸಿನಕಾಯಿ, ರಾಣೆಬೆನ್ನೂರೆಂದರೆ ಬಿತ್ತನೆ ಬೀಜ ಮತ್ತು ಹತ್ತಿ. ಈ ಮೂರು ಹೆಸರುಗಳ ಹಿಂದೆ ಹೆಣ್ಣುಮಕ್ಕಳ ದುಡಿಮೆ ಎಷ್ಟಿದೆಯೆಂಬುದು ಪೇಟೆಯವರಿಗೆ ಕಾಣುವುದಿಲ್ಲ. ಬ್ಯಾಡಗಿಯಲ್ಲಿ ರಾಶಿ ರಾಶಿ ಮೆಣಸಿನಕಾಯಿಯ ಮುಂದೆ ಕುಳಿತು ತೊಟ್ಟು ಬಿಡಿಸುವವರು ಹೆಣ್ಣುಮಕ್ಕಳು. ಅವರ ಕೂಲಿ ಬಿಡಿಸಿದ ಕಾಯಿಯ ತೂಕದ ಲೆಕ್ಕ. ರಾಣೆಬೆನ್ನೂರು ಸುತ್ತಿನ ಹೊಲಗಳಲ್ಲಿ ಬೀಜೋತ್ಪಾದನೆಗಾಗಿ ಒಂದೊಂದೇ ಹೂವಿನ ಕೇಸರ ತೆಗೆದು, ಬೇರೆ ಹೂವಿನ ಪರಾಗ ಮುಟ್ಟಿಸುವ ಸೂಕ್ಷ್ಮ ಕೆಲಸವೂ ಅವರದೇ. ಬೆಳಗಿನಿಂದ ಬಾಗಿ ನಿಂತರೆ ಹೊತ್ತೇರುವವರೆಗೆ ನಡು ನೆಟ್ಟಗೆ ಮಾಡುವಂತಿಲ್ಲ.

ಇಂಥ ಮನೆಯ ಸೊಸೆಗೆ ದಿನ ತುಂಬುತ್ತ ಬಂದಾಗ ಏನಾಗುತ್ತದೆ? ಮೆಣಸಿನಕಾಯಿಯ ಘಾಟಿನಲ್ಲಿ ಕೂರಲಾಗುವುದಿಲ್ಲ; ಬಾಗಿ ನಿಲ್ಲಲಾಗುವುದಿಲ್ಲ. ಕೆಲಸ ಬಿಟ್ಟ ದಿನವೇ ಕೂಲಿಯೂ ನಿಲ್ಲುತ್ತದೆ. ಇಬ್ಬರ ದುಡಿಮೆಯಿಂದ ಸಾಗುತ್ತಿದ್ದ ಸಂಸಾರವು ಒಬ್ಬನ ದುಡಿಮೆಗೆ ಇಳಿಯುವ ಹೊತ್ತಿನಲ್ಲಿಯೇ ಔಷಧ, ಪ್ರಯಾಣ, ಹಾಲು, ತುಪ್ಪದ ಖರ್ಚು ಮೇಲೇರುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ವೇತನಸಹಿತ ರಜೆ 12 ವಾರದಿಂದ 26 ವಾರಕ್ಕೇರಿತು. ಆದರೆ ಅದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳ ನೌಕರರಿಗೆ ಸಂದ ಸೌಲಭ್ಯ. ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವ ನಮ್ಮ ತಂಗಿಯರಿಗೆ ರಜೆಯೆಂದರೆ ಹಸಿವು ಎಂದೇ ಅರ್ಥ.

ಒಕ್ಕಲು ಮನೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಿಲ್ಲ. ಎರಡು ಮೂರು ಎಕರೆಯ ರೈತನಿಗೆ ಕೈಯಲ್ಲಿ ಹಣ ಬರುವುದು ಮಾಲು ಪೇಟೆಗೆ ಹೋದ ಮೇಲೆ. 2024ರ ಮಾರ್ಚ್ 11ರಂದು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದು, ರೊಚ್ಚಿಗೆದ್ದ ಜನ ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ದರ ಬಿದ್ದ ಸುದ್ದಿ ಪತ್ರಿಕೆಗೆ ಬರುತ್ತದೆ. ಆ ದರವನ್ನೇ ನೆಚ್ಚಿ ಮಗಳ ಹೆರಿಗೆಗೆ ದಿನ ಎಣಿಸುತ್ತಿದ್ದ ಮನೆಯ ಸುದ್ದಿ ಎಲ್ಲಿಯೂ ಬರುವುದಿಲ್ಲ. ದುಡಿಮೆ ಅರಸಿ ಗೋವಾ, ಮಂಗಳೂರು ಕಡೆಗೆ ಹೋದ ಗಂಡನು ಮಗುವಿನ ಮುಖ ನೋಡುವುದು ತಿಂಗಳ ಮೇಲೆಯೇ ಆಗುವುದುಂಟು.

ಕುಬುಸದ ದಿನ ಮುನ್ನೂರು ಜನ

ಬಡತನವೊಂದೇ ಕಾರಣವಾಗಿದ್ದರೆ ಸರಕಾರದ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಕಷ್ಟದ ಒಂದು ಪಾಲನ್ನು ನಾವೇ ಕಟ್ಟಿಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ತವರುಮನೆಯದು ಎಂಬ ರೂಢಿ ಮಗಳಿಗೆ ವಿಶ್ರಾಂತಿ ದೊರೆಯಲಿ, ತಾಯಿಯ ಆರೈಕೆ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದು. ಕಾಲಾಂತರದಲ್ಲಿ ಆರೈಕೆ ಹಿಂದೆ ಸರಿದು ಆಡಂಬರ ಮುಂದೆ ಬಂದಿತು. ಮೂರು ಅಥವಾ ಐದನೆಯ ತಿಂಗಳಿಗೆ ಕಳ್ಳಕುಬುಸ, ಏಳಕ್ಕೆ ದೊಡ್ಡ ಕುಬುಸ, ಹುಟ್ಟಿದ ಮೇಲೆ ತೊಟ್ಟಿಲ ಕಾರ್ಯ, ಮಗುವಿಗೆ ಉಡಿದಾರ, ಬಿಂದಲಿ, ಅಳಿಯನಿಗೆ ಉಂಗುರ, ಬೀಗರಿಗೆ ಬಟ್ಟೆ, ಬಂದ ಹೆಂಗಸರಿಗೆಲ್ಲ ಕುಪ್ಪಸದ ಕಣ. ಈಚೆಗೆ ಮಂಟಪ, ಧ್ವನಿವರ್ಧಕ, ವೀಡಿಯೋ ಸಹ ಸೇರಿಕೊಂಡಿವೆ.

ಲೆಕ್ಕ ಹಾಕಿ ನೋಡೋಣ. ಒಂದು ಊಟಕ್ಕೆ ನೂರೇ ರೂಪಾಯಿ ಹಿಡಿದರೂ ಮುನ್ನೂರು ಜನರ ಊಟಕ್ಕೆ 30,000 ರೂಪಾಯಿ. ಅಷ್ಟೇ ಹಣವನ್ನು ಹೆರಿಗೆಯ ನಂತರದ ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 5,000 ರೂಪಾಯಿ ಆಗುತ್ತದೆ. ಒಂದು ಮಧ್ಯಾಹ್ನದಲ್ಲಿ ಉಂಡು ಏಳುವ ಹಣವು ಒಬ್ಬ ಬಾಣಂತಿಯನ್ನೂ ಒಂದು ಕೂಸನ್ನೂ ಅರ್ಧ ವರ್ಷ ನೆಮ್ಮದಿಯಾಗಿ ಇಡಬಲ್ಲದು.

ಬ್ಯಾಡಗಿ ತಾಲೂಕಿನ ಒಂದು ಹಳ್ಳಿಗೆ ನಾವು ಶ್ರಾವಣದ ಪ್ರವಚನಕ್ಕೆ ಹೋದಾಗ ಒಬ್ಬ ಹಿರಿಯರು ತಮ್ಮ ಮನೆಯ ಸಂಗತಿಯನ್ನು ತಿಳಿಸಿದರು. ಮಗಳ ತೊಟ್ಟಿಲ ಕಾರ್ಯಕ್ಕೆ ಹಣ ಸಾಲದೆ ಅವರು ಹಿಂಡುವ ಎಮ್ಮೆಯನ್ನೇ ಮಾರಿದ್ದರು. ಕಾರ್ಯವು ನಾಲ್ಕು ಜನ ಮೆಚ್ಚುವಂತೆ ನಡೆಯಿತು. ಆಮೇಲೆ ಅವರು ಆಡಿದ ಮಾತು ಇದು: “ಮಂದಿ ಮುಂದ ಮರ್ಯಾದಿ ಉಳೀತರಿ ಶಾಸ್ತ್ರಿಗಳ, ಆದ್ರ ಮಗಳ ಗಂಗಾಳಕ್ಕ ಹಾಲು ಉಳೀಲಿಲ್ರಿ.” ಇದಕ್ಕೆ ನಾವು ಯಾವ ಶಾಸ್ತ್ರದಿಂದ ಉತ್ತರ ಹೇಳಬೇಕು? ಆ ಎಮ್ಮೆಯನ್ನು ಮಾರಿಸಿದ್ದು ಅವರ ಬಡತನವಲ್ಲ, ನಮ್ಮೆಲ್ಲರ ಕಣ್ಣು. ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಊಟವಾಯಿತು, ಏನು ಕೊಟ್ಟರು ಎಂದು ಎಣಿಸುವ ಕಣ್ಣು.

ಕುಬುಸವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಅವಳ ಬಯಕೆಯ ಅಡುಗೆ ಮಾಡಿ ಬಡಿಸುವುದು ತಾಯ್ತನಕ್ಕೆ ಸಲ್ಲಿಸುವ ಗೌರವ. ಅದು ಮನೆಯ ಮಟ್ಟಿಗೆ, ಹತ್ತಿರದ ಹಿರಿಯ ಮುತ್ತೈದೆಯರ ಮಟ್ಟಿಗೆ ನಡೆದರೆ ಸಾಕು. ಉಳಿದ ಹಣವು ತಾಯಿಯ ಹೆಸರಿನಲ್ಲಿಯೇ ಇರಲಿ. ಕುಬುಸಕ್ಕೆ ಮುನ್ನೂರು ಜನ ಕೂಡುತ್ತಾರೆ. ಹೆರಿಗೆಯಾದ ನಲವತ್ತನೆಯ ದಿನ ಆ ಮನೆಯ ಬಾಗಿಲಿಗೆ ಎಷ್ಟು ಜನ ಹೋಗುತ್ತಾರೆ?

ಆಶಾ ಕಾರ್ಯಕರ್ತೆ ಹೋಗುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ತಾಯಿ ಮಗುವನ್ನು ನೋಡಿ ಬರಬೇಕೆಂಬುದು ಅವಳಿಗೆ ವಿಧಿಸಿದ ಕ್ರಮ. ಗೌರವಧನಕ್ಕೆ ದುಡಿಯುವ ಆ ಹೆಣ್ಣುಮಗಳು ಆರು ಬಾರಿ ಹೋಗುವ ಮನೆಗೆ, ಒಂದೇ ಓಣಿಯ ನಾವು ಎರಡು ಬಾರಿಯಾದರೂ ಹೋಗಬಾರದೇ?

ಸರಕಾರ ಕೊಡುವುದು ಮತ್ತು ಕೈಗೆ ಸೇರುವುದು

ಸರಕಾರದಿಂದ ಏನೂ ಇಲ್ಲವೆಂದು ಹೇಳುವುದು ಸರಿಯಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ದೇಶದ ಮೊದಲ ಕೆಲವು ಕೇಂದ್ರಗಳಲ್ಲಿ ನಮ್ಮ ನಾಡಿನ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಅಲ್ಲಿಂದ ಹಬ್ಬಿದ ಅಂಗನವಾಡಿಯು ಇಂದು ಪ್ರತಿ ಹಳ್ಳಿಯಲ್ಲಿದೆ. 2017ರ ಅಕ್ಟೋಬರ್ 2ರಂದು ರಾಜ್ಯವ್ಯಾಪಿಯಾಗಿ ಬಂದ ‘ಮಾತೃಪೂರ್ಣ’ ಯೋಜನೆಯು ಗರ್ಭಿಣಿಗೂ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟವನ್ನು ಗೊತ್ತುಪಡಿಸಿತು.

ಹಣದ ನೆರವಿನಲ್ಲಿ ಮುಖ್ಯವಾದುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. 2017ರ ಜನವರಿಯಿಂದ ಅನ್ವಯವಾದ ಈ ಯೋಜನೆಯನ್ನು 2022ರ ಏಪ್ರಿಲ್‌ನಿಂದ ಪರಿಷ್ಕರಿಸಲಾಯಿತು. ಅದರಂತೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ. ಮೊದಲು 3,000, ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣುಮಗುವಾದರೆ ಒಂದೇ ಬಾರಿಗೆ 6,000 ರೂಪಾಯಿ. ಬಿ.ಪಿ.ಎಲ್. ಕಾರ್ಡು, ಉದ್ಯೋಗ ಖಾತರಿಯ ಕಾರ್ಡು, ಇ-ಶ್ರಮ್ ಕಾರ್ಡು ಮೊದಲಾದವುಗಳಲ್ಲಿ ಒಂದಿದ್ದರೆ ಅರ್ಜಿ ಹಾಕಬಹುದು. ಅರ್ಜಿಯನ್ನು ಅಂಗನವಾಡಿ ಕಾರ್ಯಕರ್ತೆಯ ಮೂಲಕ ಸಲ್ಲಿಸಬಹುದು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆಯಲ್ಲಿ ಬಡ ಕುಟುಂಬದ ತಾಯಿಗೆ ಆಸ್ಪತ್ರೆಯ ಹೆರಿಗೆಗಾಗಿ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿಯ ನೆರವಿದೆ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ರಕ್ತ, ಪರೀಕ್ಷೆ, ಊಟ, ಮನೆಯಿಂದ ಆಸ್ಪತ್ರೆಗೆ ಹಾಗೂ ಆಸ್ಪತ್ರೆಯಿಂದ ಮನೆಗೆ ವಾಹನ, ಎಲ್ಲವೂ ಉಚಿತ. ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಗೆ ಮೀಸಲಾದ ದಿನ. ಗಾರೆ ಕೆಲಸ, ಕಟ್ಟಡ ಕೆಲಸ ಮಾಡುವ ತಾಯಿಯು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದರೆ ಮೊದಲ ಎರಡು ಹೆರಿಗೆಗೆ ಪ್ರತ್ಯೇಕ ಸಹಾಯಧನವುಂಟು. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಹಳ್ಳಿಯಿಂದ ಆಸ್ಪತ್ರೆಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿನ ಚಿಂತೆಯೂ ತಗ್ಗಿದೆ.

ಇಷ್ಟೆಲ್ಲ ಇದ್ದೂ ಕೈಗೆ ಸೇರದಿರುವುದೇಕೆ? ತೊಡಕು ಬಹುತೇಕ ಕಾಗದದಲ್ಲಿರುತ್ತದೆ. ಮದುವೆಯಾದ ಮೇಲೆ ಹೆಣ್ಣಿನ ಹೆಸರು ಒಂದು ಕಾಗದದಲ್ಲಿ ತವರಿನದು, ಇನ್ನೊಂದರಲ್ಲಿ ಗಂಡನ ಮನೆಯದು. ಆಧಾರ್ ಕಾರ್ಡಿಗೆ ಬ್ಯಾಂಕಿನ ಖಾತೆ ಜೋಡಣೆಯಾಗಿರುವುದಿಲ್ಲ. ತಾಯಿ ಕಾರ್ಡು ಮಾಡಿಸಿದ್ದು ಗಂಡನ ಊರಲ್ಲಿ, ಹೆರಿಗೆಗೆ ಬಂದದ್ದು ತವರಿಗೆ; ಇಲ್ಲಿಯ ಅಂಗನವಾಡಿಯವರು ಅಲ್ಲಿಗೆ ಹೋಗೆನ್ನುತ್ತಾರೆ, ಅಲ್ಲಿಯವರು ಇಲ್ಲಿಗೆ ಹೋಗೆನ್ನುತ್ತಾರೆ. ಫೋನು ಗಂಡನ ಕೈಯಲ್ಲಿ, ಅವನು ದೂರದ ಊರಿನಲ್ಲಿ. ಸಂದೇಶ ಬಂದರೂ ಇವಳಿಗೆ ತಿಳಿಯದು. 21 ದಿನದೊಳಗೆ ಹೇಳಿಸಿದರೆ ಯಾವ ಶುಲ್ಕವೂ ಇಲ್ಲದ ಜನನ ನೋಂದಣಿಯನ್ನು ಮರೆತು, ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವ ತಂದೆಯರನ್ನು ಎಷ್ಟೋ ಜನ ಕಂಡಿರಬಹುದು. ಕೂಲಿ ಬಿಟ್ಟು ನಾಲ್ಕು ದಿನ ಅಲೆದರೆ ಬರಬೇಕಾದ ಹಣದ ಒಂದು ಪಾಲು ಅಲೆದಾಟದಲ್ಲಿಯೇ ಹೋಗುತ್ತದೆ.

ಇಲ್ಲಿ ಬೇಕಾದುದು ದೊಡ್ಡ ನಿಧಿಯಲ್ಲ. ಓದುಬರಹ ಬಲ್ಲ ಒಬ್ಬ ಮನುಷ್ಯನ ಒಂದು ದಿನ. ನಿವೃತ್ತರಾದ ಶಿಕ್ಷಕರು, ಬ್ಯಾಂಕಿನವರು, ಕಾಲೇಜು ಓದುವ ಹುಡುಗ ಹುಡುಗಿಯರು ನಮ್ಮ ಪ್ರತಿ ಊರಿನಲ್ಲಿದ್ದಾರೆ. ಐದನೆಯ ತಿಂಗಳಿನಲ್ಲಿಯೇ ಗರ್ಭಿಣಿಯ ಮನೆಗೆ ಹೋಗಿ ತಾಯಿ ಕಾರ್ಡು, ಆಧಾರ್, ಪಾಸ್‌ಬುಕ್ಕು ಮೂರನ್ನೂ ಒಟ್ಟಿಗಿಟ್ಟು ನೋಡಿ, ಹೆಸರಿನ ವ್ಯತ್ಯಾಸ ಸರಿಪಡಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ಇದೂ ಕಾಯಕವೇ.

ಗಂಗಾಳ ತುಂಬಿದರೂ ಮನಸ್ಸು ತುಂಬದಿದ್ದರೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಜನರಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಾದುದನ್ನು ಪರೀಕ್ಷೆ ತೋರಿಸುತ್ತದೆ. ಕಬ್ಬಿಣಾಂಶದ ಗುಳಿಗೆಯನ್ನು ಕೊಡುತ್ತಾರೆ. ಮನಸ್ಸು ಬತ್ತಿದ್ದನ್ನು ತೋರಿಸುವವರು ಯಾರು? 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಬಾಣಂತಿಯರಲ್ಲಿ ಸುಮಾರು ಶೇ. 22ರಷ್ಟು ಜನ ಖಿನ್ನತೆಗೆ ಒಳಗಾಗುತ್ತಾರೆಂದು ಹೇಳಿತು. ಎಂದರೆ ಐವರು ಬಾಣಂತಿಯರಲ್ಲಿ ಒಬ್ಬಳಾದರೂ ಈ ನೋವನ್ನು ಉಣ್ಣುತ್ತಾಳೆ. ನಮ್ಮ ಮನೆಗಳು ಇದಕ್ಕೆ ಹೊರತಲ್ಲ.

ಹೆರಿಗೆಯಾದ ಮೊದಲ ಒಂದೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು, ಸಿಟ್ಟು ಬರುವುದು ಸಹಜ. ನಿದ್ರೆ, ಊಟ, ನಾಲ್ಕು ಒಳ್ಳೆಯ ಮಾತು ಸಿಕ್ಕರೆ ಅದು ತಾನಾಗಿಯೇ ಇಳಿಯುತ್ತದೆ. ಎರಡು ವಾರ ದಾಟಿದರೂ ಮುಖದಲ್ಲಿ ಕಳೆಯಿಲ್ಲದೆ, ಮಗು ಮಲಗಿದಾಗಲೂ ತನಗೆ ನಿದ್ರೆ ಬಾರದೆ, ಊಟ ಸೇರದೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದೆ, ‘ನಾನು ಕೆಟ್ಟ ತಾಯಿ, ನಾನಿದ್ದು ಏನು ಪ್ರಯೋಜನ’ ಎಂದು ಅವಳು ಹೇಳತೊಡಗಿದರೆ ಅದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ, ಅದು ಕಾಯಿಲೆ. ಅದಕ್ಕೆ ಔಷಧವೂ ಆಪ್ತ ಸಮಾಲೋಚನೆಯೂ ಇವೆ. ಇನ್ನೂ ಮುಂದುವರಿದು ಇಲ್ಲದ ಧ್ವನಿ ಕೇಳಿಸುವುದು, ಅಸಂಬದ್ಧವಾಗಿ ಮಾತನಾಡುವುದು, ತನ್ನನ್ನೋ ಮಗುವನ್ನೋ ಕೊಲ್ಲುವ ಮಾತು ಬರುವುದು ಕಂಡರೆ, ಹಿಂದಿನವರು ಬಾಣಂತಿ ಸನ್ನಿ ಎನ್ನುತ್ತಿದ್ದ ಆ ಸ್ಥಿತಿಯಲ್ಲಿ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಾಯಿ ಮಗು ಇಬ್ಬರನ್ನೇ ಬಿಡಬಾರದು. ದೃಷ್ಟಿ ತಗಲಿದೆ, ಗಾಳಿ ಸೋಕಿದೆ ಎಂದು ಅಮಾವಾಸ್ಯೆಯವರೆಗೆ ಕಾಯುವ ಹೊತ್ತಲ್ಲ ಅದು. ದೇವರಿಗೆ ಬೇಡಿಕೊಳ್ಳಲಿ, ಬೇಡವೆನ್ನುವವರಿಲ್ಲ. ಆದರೆ ಬೇಡಿಕೊಳ್ಳುವ ಮನೆಯವರು ವೈದ್ಯರ ಬಳಿಗೂ ಹೋಗಲಿ. ಹಾವೇರಿಯ ಜಿಲ್ಲಾ ಆಸ್ಪತ್ರೆ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ತಾಲೂಕು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ-ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಿಲ್ಲ.

ಮನಸ್ಸಿನ ಭಾರಕ್ಕೆ ಕಾರಣಗಳು ಬಹಳ. ಅವುಗಳಲ್ಲಿ ಕೆಲವನ್ನು ನಮ್ಮ ನಾಲಗೆಯೇ ಹುಟ್ಟಿಸುತ್ತದೆ. ಎರಡನೆಯದೂ ಹೆಣ್ಣೆಂದು ಕೇಳಿದೊಡನೆ ‘ಪಾಪ’ ಎನ್ನುವವರು ಆ ಒಂದು ಮಾತಿನಿಂದ ತಾಯಿಯ ಎದೆಗೆ ಕಲ್ಲು ಹೊರಿಸುತ್ತಾರೆ. ಲಿಂಗಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ತೊಟ್ಟಿಲ ಮುಂದೆ ಅದನ್ನು ಮರೆಯಬಾರದು. ಹಾಲು ಸಾಲದೆಂದು, ಮಗು ಅಳುತ್ತದೆಂದು, ಶಸ್ತ್ರಚಿಕಿತ್ಸೆಯಾಯಿತೆಂದು ತಾಯಿಯನ್ನೇ ದೂರುವ ಮಾತುಗಳೂ ಇಂಥವೇ.

ತಂದೆಯಾದವನ ಸಂಕಟವನ್ನಂತೂ ಕೇಳುವವರೇ ಇಲ್ಲ. ಗಂಡಸು ಧೈರ್ಯವಾಗಿರಬೇಕೆಂದು ಹೇಳಿ ಮುಗಿಸುತ್ತೇವೆ. ಸಾಲಗಾರನ ಮುಂದೆ ತಲೆತಗ್ಗಿಸಿ, ಆಸ್ಪತ್ರೆಯ ಜಗಲಿಯ ಮೇಲೆ ರಾತ್ರಿ ಕಳೆದು, ಬೆಳಗಾದರೆ ಕೂಲಿಗೆ ಓಡುವ ಹುಡುಗನಿಗೂ ಇಪ್ಪತ್ತೈದರ ಪ್ರಾಯವಷ್ಟೇ ಇರುತ್ತದೆ. ಅವನ ಹೆಗಲ ಮೇಲೆ ಕೈಯಿಟ್ಟು ‘ಊಟ ಆತೇನಪಾ?’ ಎಂದು ಕೇಳುವ ಹಿರಿಯನೊಬ್ಬ ಇದ್ದರೆ ಅವನು ಅಡ್ಡದಾರಿ ಹಿಡಿಯುವುದು ತಪ್ಪೀತು. ರೈತರ ಆತ್ಮಹತ್ಯೆಯ ವಾರ್ತೆಗಳನ್ನು ಮತ್ತೆ ಮತ್ತೆ ಕೇಳಿದ ಜಿಲ್ಲೆ ನಮ್ಮದು. ಸಾಲ ಮಾಡಿದವನ ಜೊತೆಗೆ ಮಾತು ಬಿಡಬಾರದೆಂಬ ಪಾಠವನ್ನು ನಾವು ಬಹಳ ಬೆಲೆ ಕೊಟ್ಟು ಕಲಿತಿದ್ದೇವೆ.

ಇನ್ನು ಕೂಸು ಉಳಿಯದೆ ಹೋದ ಮನೆ. ಹೊಟ್ಟೆಯಲ್ಲಿಯೇ ಹೋದ ಮಗು, ಹುಟ್ಟಿ ಮೂರು ದಿನಕ್ಕೆ ಹೋದ ಮಗು ಇವುಗಳ ಲೆಕ್ಕವನ್ನು ಲೋಕ ಇಡುವುದಿಲ್ಲ. ತೊಟ್ಟಿಲಿಲ್ಲದ ಬಾಣಂತಿಯನ್ನು ನೋಡಲು ಯಾರೂ ಹೋಗುವುದಿಲ್ಲ. ಹೋದರೂ ‘ಇನ್ನೊಂದು ಆಗತದ ಬಿಡವಾ’ ಎನ್ನುತ್ತಾರೆ. ಅವಳ ಎದೆಯಲ್ಲಿ ಹಾಲಿರುತ್ತದೆ, ಮಡಿಲು ಬರಿದಾಗಿರುತ್ತದೆ. ಅವಳಿಗೂ ಅದೇ ಎಣ್ಣೆನೀರು, ಅದೇ ಅಂಟಿನುಂಡೆ, ಅದೇ ವಿಶ್ರಾಂತಿ ಬೇಕು. ಶರಣರು ಜನನಸೂತಕದೊಂದಿಗೆ ಮರಣಸೂತಕವನ್ನೂ ಕಳೆದರು. ಆದ್ದರಿಂದ ಆ ಮನೆಗೆ ಹೋಗಲು ನಮಗೆ ಯಾವ ಅಡ್ಡಿಯೂ ಇಲ್ಲ; ಎಲ್ಲಕ್ಕಿಂತ ಮೊದಲು ಹೋಗಬೇಕಾದ ಮನೆಯೇ ಅದು.

ದಾನವಲ್ಲ, ದಾಸೋಹ

ಭೀಮಕವಿಯು 1369ರಲ್ಲಿ ಮುಗಿಸಿದ ಕನ್ನಡ ಬಸವಪುರಾಣದಲ್ಲಿಯೂ, ಅದಕ್ಕೆ ಮೂಲವಾದ ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣದಲ್ಲಿಯೂ ಬೆಜ್ಜಮಹಾದೇವಿಯ ಕಥೆ ಬರುತ್ತದೆ. ಎಲ್ಲರಿಗೂ ತಾಯಿಯುಂಟು, ಶಿವನಿಗೆ ಮಾತ್ರ ತಾಯಿಯಿಲ್ಲವೆಂದು ಆಕೆ ಮರುಗಿದಳು. ತಾಯಿಯೊಬ್ಬಳಿದ್ದಿದ್ದರೆ ವಿಷವನ್ನು ಕುಡಿಯಗೊಡುತ್ತಿದ್ದಳೇ, ಸುಡುಗಾಡಿನಲ್ಲಿ ತಿರುಗಗೊಡುತ್ತಿದ್ದಳೇ ಎಂದು ಚಿಂತಿಸಿ, ಶಿವನನ್ನೇ ಮಗುವಾಗಿಸಿಕೊಂಡು ಎರೆದು, ಉಣಿಸಿ, ಮಲಗಿಸಿ ಸಲಹಿದಳು. ತಾಯ್ತನದ ಆರೈಕೆ ದೊರೆಯದಿದ್ದರೆ ದೇವರಿಗೂ ಕಷ್ಟ ತಪ್ಪದೆಂದು ಬಗೆದ ಭಕ್ತೆಯನ್ನು ನಮ್ಮ ಪುರಾಣಗಳು ಎತ್ತಿ ಹಿಡಿದಿವೆ. ಹೀಗಿರುವಾಗ ಆರೈಕೆಯಿಲ್ಲದೆ ಸೊರಗುವ ತಾಯಿಯೊಬ್ಬಳು ನಮ್ಮ ಓಣಿಯಲ್ಲಿದ್ದರೆ ನಾವು ಮಾಡುವ ಪೂಜೆಗೆ ಅರ್ಥವೇನು?

ಕೊಡುವ ರೀತಿಯನ್ನೂ ಶರಣರೇ ಕಲಿಸಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಗಂಡ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಬಡತನದಲ್ಲಿಯೂ ಎಂಥ ಸ್ವಾಭಿಮಾನ! ನಮ್ಮ ಬಡ ಮನೆಗಳಲ್ಲಿ ಇಂದಿಗೂ ಲಕ್ಕಮ್ಮನಂಥವರಿದ್ದಾರೆ. ಅವರು ಕೈಚಾಚುವುದಿಲ್ಲ, ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ಕೇಳಿದರೆ ಕೊಡೋಣವೆಂದು ಕಾಯುವುದು ತರವಲ್ಲ. ವೇದಿಕೆಯ ಮೇಲೆ ಕರೆದು, ಚೀಲ ಕೊಟ್ಟು, ಭಾವಚಿತ್ರ ತೆಗೆಸಿಕೊಳ್ಳುವುದಂತೂ ಎಂದಿಗೂ ಸಲ್ಲದು. ಬಲ್ಲವರೊಬ್ಬರು ಹಿತ್ತಿಲ ಬಾಗಿಲಿನಿಂದ ಹೋಗಿ ಇಟ್ಟು ಬರಬೇಕು. ಇಟ್ಟವರಾರೆಂಬುದು ಓಣಿಗೆ ತಿಳಿಯಬಾರದು.

ಮಠ, ಬಳಗ, ಮನೆ

ಸಮಾಜವು ಒಟ್ಟಾಗಿ ನಿಂತರೆ ಏನಾಗಬಲ್ಲದೆಂಬುದಕ್ಕೆ ದೂರ ಹೋಗಬೇಕಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು 1867ರಲ್ಲಿ ಹುಟ್ಟಿದ್ದು ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯ ಒಂದು ಬಡ ಮನೆಯಲ್ಲಿ. ಆ ಮನೆಯ ಕೂಸು ಮುಂದೆ ವೀರಶೈವ ಮಹಾಸಭೆಗೂ, 1909ರಲ್ಲಿ ಬಾದಾಮಿಯ ಬಳಿಯ ಶಿವಯೋಗಮಂದಿರಕ್ಕೂ ಕಾರಣಪುರುಷನಾಯಿತು. ಬಡವರ ತೊಟ್ಟಿಲಿನಲ್ಲಿ ಯಾರು ಮಲಗಿದ್ದಾರೆಂಬುದನ್ನು ಯಾರು ಬಲ್ಲರು? ಮನೆಮನೆಯಲ್ಲಿ ಮುಷ್ಟಿ ಧಾನ್ಯ ಎತ್ತಿಟ್ಟು ನಮ್ಮ ಹಿರಿಯರು ಪ್ರಸಾದನಿಲಯಗಳನ್ನು ನಡೆಸಿದರು. ಊರೂರಿನ ಬಡ ಹುಡುಗರು ಉಂಡು ಓದಿ ಮುಂದೆ ಬಂದರು. ಶಾಲೆಗೆ ಹೋಗುವ ಮಗುವಿಗೆ ಅನ್ನವಿಟ್ಟ ಸಮಾಜವು ಶಾಲೆಗಿಂತ ಐದಾರು ವರ್ಷ ಹಿಂದೆ ಸರಿದು, ತೊಟ್ಟಿಲಿನಲ್ಲಿರುವ ಮಗುವಿಗೂ ಅದರ ತಾಯಿಗೂ ಅನ್ನವಿಡುವುದು ಹೊಸ ಧರ್ಮವೇನಲ್ಲ. ಅದೇ ದಾಸೋಹವು ಇನ್ನೊಂದು ಹೆಜ್ಜೆ ಇಟ್ಟಂತೆ.

ಹೊರನಾಡಿನ ಒಂದು ದೃಷ್ಟಾಂತ. ಫಿನ್ಲೆಂಡ್ ದೇಶವು ಬಡತನದಲ್ಲಿದ್ದ ಕಾಲದಲ್ಲಿ, 1938ರಿಂದ, ಬಡ ತಾಯಂದಿರಿಗೆ ಕೂಸಿನ ಬಟ್ಟೆ, ಹಾಸಿಗೆಗಳಿದ್ದ ಒಂದು ಪೆಟ್ಟಿಗೆಯನ್ನು ಕೊಡತೊಡಗಿತು. 1949ರಿಂದ ಬಡವರು ಸಿರಿವಂತರೆನ್ನದೆ ಎಲ್ಲ ತಾಯಂದಿರಿಗೂ ಅದು ಸಿಗುವಂತಾಯಿತು. ತಾಯಿ ಮುಂಚಿತವಾಗಿ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಂಡಿರಬೇಕೆಂಬುದೊಂದೇ ಮುಖ್ಯ ಕಟ್ಟಳೆ. ಎಲ್ಲರಿಗೂ ಒಂದೇ ಬಗೆಯದು ಸಿಕ್ಕಿದ್ದರಿಂದ ಪಡೆಯುವವರಿಗೆ ನಾಚಿಕೆಯೆಂಬುದು ಉಳಿಯಲಿಲ್ಲ. ಈ ಗುಟ್ಟು ನಮಗೂ ಬೇಕು. ಊರಿನ ಮಠದಿಂದ ಪ್ರತಿ ಬಾಣಂತಿಗೂ, ಸಾಹುಕಾರರ ಸೊಸೆಗೂ ಕೂಲಿಯವನ ಹೆಂಡತಿಗೂ, ಒಂದೇ ಬಗೆಯ ಪ್ರಸಾದದ ಬುಟ್ಟಿ ಹೋಗಲಿ. ಒಂದಿಷ್ಟು ತುಪ್ಪ, ಬೆಲ್ಲ, ಕೊಬ್ಬರಿ, ಉತ್ತತ್ತಿ, ಅಂಟು, ಕೂಸಿಗೆ ಒಂದು ಕುಲಾವಿ, ಒಂದು ದುಪ್ಪಟಿ. ಉಳ್ಳವರು ತಮ್ಮ ಬುಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಇನ್ನೆರಡು ಬುಟ್ಟಿಗಾಗುವಷ್ಟನ್ನು ಮಠಕ್ಕೆ ಮರಳಿಸಲಿ.

ನಮ್ಮ ಪಟ್ಟಣಗಳಲ್ಲಿ ಅಕ್ಕನ ಬಳಗಗಳಿವೆ. ವಚನ ಹಾಡುವ, ಶಿವಾನುಭವ ನಡೆಸುವ ಈ ಬಳಗದ ತಾಯಂದಿರಿಗಿಂತ ಈ ಕೆಲಸಕ್ಕೆ ಯೋಗ್ಯರಾದವರು ಬೇರಿಲ್ಲ. ಓಣಿಗೆ ಇಬ್ಬರಂತೆ ಹಂಚಿಕೊಂಡು, ಐದನೆಯ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಹೋಗಿ ಬಂದರೆ ಸಾಕು. ಹೋದವರು ಬುದ್ಧಿ ಹೇಳಬೇಕಿಲ್ಲ. ಕೂಸನ್ನು ಎರಡು ತಾಸು ತಾವು ಹಿಡಿದುಕೊಂಡು, ‘ನೀ ಮಲಕೋ ನಮ್ಮವ್ವಾ’ ಎಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ತಾಯಿಯ ಮೊದಲ ಹಾಲನ್ನು ಚೆಲ್ಲಬಾರದು, ಆರು ತಿಂಗಳು ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡಬಾರದು, ಬಾಣಂತಿಗೆ ಕುಡಿಯುವ ನೀರು ಕಡಿಮೆ ಮಾಡಬಾರದು ಎಂಬ ಮಾತುಗಳನ್ನು ಅಜ್ಜಿಯಂದಿರಿಗೆ ತಿಳಿಹೇಳಲು ಹೊರಗಿನ ನರ್ಸಿಗಿಂತ ಬಳಗದ ಹಿರಿಯಕ್ಕನ ನುಡಿ ಹೆಚ್ಚು ನಡೆಯುತ್ತದೆ.

ಮಠಾಧಿಪತಿಗಳಲ್ಲಿ ನಮ್ಮದೊಂದು ಬಿನ್ನಹ. ಗರ್ಭಲಿಂಗ ಸಂಸ್ಕಾರಕ್ಕೆ ದಯಮಾಡಿಸುವ ಅಯ್ಯನವರು ಆ ದಿನವೇ ಮನೆಯ ಯಜಮಾನರಿಗೆ ಮೂರು ಮಾತು ಕೇಳಲಿ: ತಾಯಿ ಕಾರ್ಡು ಆಗಿದೆಯೇ, ತಪಾಸಣೆ ನಡೆದಿದೆಯೇ, ರಾತ್ರಿ ನೋವು ಬಂದರೆ ವಾಹನ ಯಾವುದೆಂದು ಗೊತ್ತುಮಾಡಿದ್ದೀರಾ? ಗುರುವು ಕೇಳುತ್ತಾನೆಂದರೆ ಮನೆಯವರು ಮೊದಲೇ ಸಿದ್ಧಮಾಡಿಟ್ಟಿರುತ್ತಾರೆ. ಜಾತ್ರೆಯ ಖರ್ಚಿನಲ್ಲಿ ನೂರಕ್ಕೆ ಐದು ರೂಪಾಯಿಯನ್ನು ತೊಟ್ಟಿಲ ದಾಸೋಹಕ್ಕೆ ಎತ್ತಿಟ್ಟರೆ ತೇರು ಎಳೆಯುವ ಕೈಗಳಿಗೇನೂ ಬಲ ಕುಂದುವುದಿಲ್ಲ. ಮನೆಗಳಲ್ಲಿ ಹಳೆಯ ಮುಷ್ಟಿಗಡಿಗೆ ಮತ್ತೆ ಒಲೆಯ ಬಳಿಗೆ ಬರಲಿ.

ಬುಟ್ಟಿ ಒಯ್ಯುವವರು ಯಾರ ಮನೆಯ ಬಾಣಂತಿಯೆಂದು ಜಾತಿ ಕೇಳಬಾರದು. ಮೆಣಸಿನಕಾಯಿಯ ಕಣದಲ್ಲಿ ಪಕ್ಕಪಕ್ಕದಲ್ಲಿ ಕುಳಿತು ತೊಟ್ಟು ಬಿಡಿಸುವವರಿಗೆ ಹೆರಿಗೆಯ ನೋವು ಬೇರೆ ಬೇರೆಯಾಗಿ ಬರುವುದಿಲ್ಲ. ಜಾತಿಸೂತಕವನ್ನು ಕಳೆದ ಧರ್ಮವು ತೊಟ್ಟಿಲ ಮುಂದೆ ಅದನ್ನು ಮತ್ತೆ ತರಲಾಗದು.

ಈ ಸಂಚಿಕೆಯನ್ನು ಓದುವ ಪ್ರತಿ ಮನೆಯ ಸುತ್ತಲೂ ಇಂದು ಒಬ್ಬ ಗರ್ಭಿಣಿಯೋ ಬಾಣಂತಿಯೋ ಇದ್ದೇ ಇರುತ್ತಾಳೆ. ಮನೆಯ ಹಿರಿಯ ತಾಯಂದಿರು ನಾಳೆ ಒಂದು ತಂಬಿಗೆ ಹಾಲಿನೊಂದಿಗೆ ಆ ಮನೆಗೆ ಹೋಗಿ ಬರಲಿ. ಓದಿದ ಮಕ್ಕಳು ಅವಳ ಕಾಗದಪತ್ರಗಳನ್ನು ನೋಡಿಕೊಡಲಿ. ಯಜಮಾನರು ಅವಳ ಗಂಡನನ್ನು ಕಟ್ಟೆಗೆ ಕರೆದು ಕೂಡಿಸಿಕೊಂಡು ಮಾತನಾಡಿಸಲಿ. ಇಷ್ಟು ನಡೆದರೆ ಗರ್ಭದಲ್ಲಿದ್ದಾಗಲೇ ಆ ಕೂಸಿಗೆ ನಾವು ಕಟ್ಟಿದ ಲಿಂಗಕ್ಕೆ ನ್ಯಾಯ ಸಂದಂತಾಗುತ್ತದೆ.